ಒಂದು ಮಾರು, ಎರಡು ಮಾರು: ಸಣ್ಣ ಮಿರರ್‌ಲೆಸ್ ಕ್ಯಾಮೆರಾವನ್ನು ರೇಂಜ್‌ಫೈಂಡರ್‌ನಂತೆ ಪಳಗಿಸುವ ಬಗೆ

ಬೆಳಿಗ್ಗೆ ಆರೂವರೆಗೆ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಿಂತರೆ ಬೆಳಕು ಇನ್ನೂ ಟಾರ್ಪಾಲಿನ ಮೇಲೆಯೇ ಇರುತ್ತದೆ, ಕೆಳಗೆ ಇಳಿದಿರುವುದಿಲ್ಲ. ಮಲ್ಲಿಗೆ ದಂಡೆಯ ತುದಿಯನ್ನು ಮೊಣಕೈಗೆ ತಾಗಿಸಿ, ಬೆರಳ ತುದಿಯವರೆಗೆ ಎಳೆದು, ‘ಒಂದು, ಎರಡು’ ಎಂದು ಮೊಳ ಹಾಕುವ ಕೈ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಆ ಕೈಯನ್ನು ಹಿಡಿಯಬೇಕೆಂದು ನಾನು ನನ್ನ ದೊಡ್ಡ ಡಿಎಸ್‌ಎಲ್‌ಆರ್ ಎತ್ತಿದೆ. ಲೆನ್ಸು ಗುರ್ ಎಂದು ಹಿಂದೆ ಮುಂದೆ ತಡಕಾಡಿತು. ಹೂವಮ್ಮ ಕೈ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಕ್ಯಾಮೆರಾಕ್ಕೆ ನಕ್ಕರು. ಪಕ್ಕದ ಬಾಳೆಹಣ್ಣಿನವರು ‘ಯಾವ ಪೇಪರ್ ಸಾರ್?’ ಎಂದರು. ಚಿತ್ರ ಸಿಗಲಿಲ್ಲ. ಎರಡು ಮೊಳ ಮಲ್ಲಿಗೆ ಕೊಂಡು ಮನೆಗೆ ಬಂದೆ.

ಇಂಥ ಜಾಗಕ್ಕೆ ಬೇಕಾದದ್ದು ರೇಂಜ್‌ಫೈಂಡರ್ ಎಂದು ಬಲ್ಲವರು ಹೇಳುತ್ತಾರೆ. ನಿಜವೇ. ಆದರೆ ಲೈಕಾ ಕಂಪನಿಯ ಡಿಜಿಟಲ್ ರೇಂಜ್‌ಫೈಂಡರ್ ‘ಎಂ’ ಕೊಳ್ಳಲು ಲಕ್ಷಗಳ ಲೆಕ್ಕ ಹಾಕಬೇಕು; ಆ ದುಡ್ಡಿಗೆ ಮಂಡ್ಯದ ಕಡೆ ಒಂದು ಟ್ರ್ಯಾಕ್ಟರ್ ಬರುತ್ತದೆ. ಹಾಗಾಗಿ ನಾನು ಹಿಡಿದ ದಾರಿ ಬೇರೆ: ಹಳೆಯದೊಂದು, ಒಳಗೆ ಕನ್ನಡಿಯಿಲ್ಲದ ಸಣ್ಣ ಮಿರರ್‌ಲೆಸ್ ಕೊಂಡು, ಅದರ ಜಾಣತನವನ್ನೆಲ್ಲ ಒಂದೊಂದಾಗಿ ಆಫ್ ಮಾಡಿ, ದೂರವನ್ನು ಕಣ್ಣಲ್ಲೇ ಅಳೆಯಲು ಕಲಿತದ್ದು. ಕ್ಯಾಮೆರಾ ಎತ್ತುವ ಮೊದಲೇ ಫೋಕಸ್ ಮುಗಿದಿರಬೇಕು. ರೇಂಜ್‌ಫೈಂಡರಿನವರ ಗುಟ್ಟು ಇಷ್ಟೇ, ಅದಕ್ಕೆ ಲೈಕಾ ಇರಲೇಬೇಕೆಂದಿಲ್ಲ.

ಮೊದಲು, ರೇಂಜ್‌ಫೈಂಡರ್ ಎಂದರೆ ಏನೆಂದು ತಿಳಿಯೋಣ

ಲೆನ್ಸಿನ ಮೂಲಕ ನೋಡದೆ, ಪಕ್ಕದ ಪುಟ್ಟ ಕಿಟಕಿಯೊಂದರ ಮೂಲಕ ನೋಡುವ ಕ್ಯಾಮೆರಾ ಇದು. ಅದರ ಜೊತೆಗೆ, ತುಸು ದೂರದಲ್ಲಿ ಇನ್ನೊಂದು ಕಿಟಕಿ. ಎರಡರ ಬಿಂಬಗಳೂ ನೋಟದ ನಡುವಿನ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರ ತಿರುಗಿಸಿದಂತೆ ಎರಡನೆಯ ಬಿಂಬ ಸರಿಯುತ್ತದೆ; ಎರಡೂ ಕೂಡಿ ಒಂದಾದಾಗ ಫೋಕಸ್ ಆಯಿತು. ನಮ್ಮ ಎರಡು ಕಣ್ಣು ದೂರವನ್ನು ಅಂದಾಜು ಮಾಡುವ ವಿದ್ಯೆಯೇ ಇದು, ಹಿತ್ತಾಳೆ ಗಾಜುಗಳಲ್ಲಿ ಮಾಡಿದ್ದು. 1954ರ ಲೈಕಾ ಎಂ3 ಇದನ್ನು ಒಂದು ಹದಕ್ಕೆ ತಂದು ನಿಲ್ಲಿಸಿತು, ಅದೇ ಮೌಂಟು (ಕ್ಯಾಮೆರಾಕ್ಕೆ ಲೆನ್ಸು ಕೂರುವ ಬಾಯಿ) ಇವತ್ತಿಗೂ ನಡೆಯುತ್ತಿದೆ.

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ಚೌಕವಲ್ಲ. ಚೌಕಟ್ಟಿನ ಹೊರಗೂ ಕಾಣುತ್ತದಲ್ಲ, ಅದು. ಬಿಳಿ ಗೆರೆಯ ಒಳಗೆ ಚಿತ್ರ, ಹೊರಗೆ ಇನ್ನೂ ಚಿತ್ರಕ್ಕೆ ಬಾರದ ಲೋಕ. ಸೈಕಲ್ಲಿನಲ್ಲಿ ಹಾಲಿನ ಕ್ಯಾನ್ ತೂಗಿಕೊಂಡು ಬರುವವನು ಗೆರೆ ದಾಟುವ ಮೊದಲೇ ನಿಮಗೆ ಗೊತ್ತಿರುತ್ತದೆ. ಜೊತೆಗೆ ಡಿಎಸ್‌ಎಲ್‌ಆರ್‌ನಂತೆ ಒಳಗಿನ ಕನ್ನಡಿ ಎದ್ದು ಬೀಳುವ ಸದ್ದಿಲ್ಲ, ಕ್ಲಿಕ್ಕಿಸಿದ ಗಳಿಗೆಯಲ್ಲಿ ನೋಟ ಕಪ್ಪಾಗುವುದಿಲ್ಲ, ಲೆನ್ಸು ಪುಟ್ಟದು.

ಕೊರತೆಗಳೂ ಕಡಿಮೆಯೇನಲ್ಲ. ಸಾಮಾನ್ಯವಾಗಿ 0.7 ಮೀಟರಿಗಿಂತ ಹತ್ತಿರ ಫೋಕಸ್ ಆಗದು. ಕಿಟಕಿ ಒಂದು ಕಡೆ, ಲೆನ್ಸು ಇನ್ನೊಂದು ಕಡೆ ಇರುವುದರಿಂದ ಹತ್ತಿರದ ಚಿತ್ರ ತುಸು ಸರಿದು ಬರುತ್ತದೆ. ಕೆಳಗೆ ಬಿದ್ದರೆ ಆ ಎರಡು ಬಿಂಬಗಳ ಹೊಂದಾಣಿಕೆ ತಪ್ಪಬಹುದು, ತಪ್ಪಿದ್ದು ನಿಮಗೆ ತಿಳಿಯುವುದು ಫೋಟೊ ಬಂದ ಮೇಲೆ. ದೂರದ ಲೆನ್ಸಿಗೆ ಒಗ್ಗುವುದಿಲ್ಲ. ರಂಗನತಿಟ್ಟಿಗೆ ರೇಂಜ್‌ಫೈಂಡರ್ ಹಿಡಿದು ಹೋಗುವವನು ಕೊಕ್ಕರೆಯ ಫೋಟೊ ತರುವುದಿಲ್ಲ, ದೋಣಿ ನಡೆಸುವವರ ಫೋಟೊ ತರುತ್ತಾನೆ. ಅದೂ ಒಳ್ಳೆಯದೇ.

ಡಿಜಿಟಲ್ ಯುಗದಲ್ಲಿ ಮೊದಲ ರೇಂಜ್‌ಫೈಂಡರ್ ತಂದದ್ದು ಲೈಕಾ ಅಲ್ಲ, ಪ್ರಿಂಟರ್ ಮಾಡುವ ಎಪ್ಸನ್: ಆರ್-ಡಿ1, 2004ರಲ್ಲಿ. ಲೈಕಾ ಎಂ8 ಬಂದದ್ದು 2006ಕ್ಕೆ. 2008ರಲ್ಲಿ ಪ್ಯಾನಾಸೋನಿಕ್ ಜಿ1 ಬಂದು ಮಿರರ್‌ಲೆಸ್ ಶುರುವಾದ ಮೇಲೆ ಬಾಗಿಲು ತೆರೆಯಿತು. ಕನ್ನಡಿಯ ಡಬ್ಬಿ ಹೋದದ್ದರಿಂದ ಮೌಂಟಿಗೂ ಚಿತ್ರ ಹಿಡಿಯುವ ಸೆನ್ಸರಿಗೂ ನಡುವಿನ ಅಂತರ 18–20 ಮಿ.ಮೀ. ಆಸುಪಾಸಿಗೆ ಇಳಿಯಿತು. ಲೈಕಾ ಎಂ ಲೆನ್ಸಿಗೆ ಬೇಕಾದದ್ದು 27.8 ಮಿ.ಮೀ. ಉಳಿದ ಜಾಗಕ್ಕೆ ಒಂದು ಬಳೆ ಇಟ್ಟರೆ ಲೆನ್ಸು ಕೂತುಕೊಳ್ಳುತ್ತದೆ. ಅಡಾಪ್ಟರ್ ಎಂದರೆ ಆ ಬಳೆ, ಅದರೊಳಗೆ ಗಾಜೂ ಇಲ್ಲ, ಮಂತ್ರವೂ ಇಲ್ಲ.

ಹೆಜ್ಜೆ 1: ಬಾಡಿ ಆರಿಸುವುದು

ಒಂದೇ ಹಟ ಹಿಡಿಯಿರಿ: ಕಣ್ಣಿಟ್ಟು ನೋಡುವ ಕಿಟಕಿ, ಅಂದರೆ ವ್ಯೂಫೈಂಡರ್, ಎಡ ಮೂಲೆಯಲ್ಲಿರಲಿ. ಬಲಗಣ್ಣು ಕಿಟಕಿಗೆ ಇಟ್ಟಾಗ ಮೂಗು ಕ್ಯಾಮೆರಾದ ಪಕ್ಕಕ್ಕೆ ಬರುತ್ತದೆ, ಎಡಗಣ್ಣು ತೆರೆದೇ ಇರಬಹುದು. ಹೊರಗಿನ ಲೋಕ ನೋಡುವ ಆ ಸುಖವನ್ನು ಎಡಗಣ್ಣಿನಿಂದ ಪಡೆಯುವುದು ನಮ್ಮ ಉಪಾಯ. ನಡುವೆ ಗುಬ್ಬಿಯಂತೆ ಉಬ್ಬಿರುವ ವ್ಯೂಫೈಂಡರಿನಲ್ಲಿ ಇದು ಆಗದು. ಎಡಗಣ್ಣಲ್ಲೇ ನೋಡುವ ರೂಢಿಯವರಿಗೆ ಮಾತ್ರ ಈ ಹಟದಿಂದ ಲಾಭವಿಲ್ಲ.

ಬಳಸಿದ ಮಾಲು ಹುಡುಕುವವರಿಗೆ ನಾನು ಹೇಳುವ ಹೆಸರುಗಳು ಇವು. ಫ್ಯೂಜಿಯ ಎಕ್ಸ್-ಇ ಸಾಲು, ಅದರಲ್ಲೂ 2017ರ ಎಕ್ಸ್-ಇ3. 24 ಮೆಗಾಪಿಕ್ಸೆಲ್, ಶಟರ್ ವೇಗಕ್ಕೆ ಮೇಲೆಯೇ ಡಯಲು. ಸೋನಿ ಎ6000, 2014ರದ್ದು. ಮೆನು ಗೊಂದಲದ ಗೂಡು, ಆದರೆ ಅಗ್ಗ, ಗಟ್ಟಿ. ಪ್ಯಾನಾಸೋನಿಕ್ ಜಿಎಕ್ಸ್85, 2016ರದ್ದು. ಒಳಗೇ ಅಲುಗಾಟ ತಡೆಯುವ ವ್ಯವಸ್ಥೆಯಿದೆ, ಆದರೆ ವ್ಯೂಫೈಂಡರಿನಲ್ಲಿ ಕಣ್ಣು ಸರ್ರನೆ ಹೊರಳಿಸಿದರೆ ಕಾಮನಬಿಲ್ಲು ಮಿಂಚುತ್ತದೆ, ಕೆಲವರಿಗೆ ಅದು ತಲೆನೋವು. ಹಣ ಹೆಚ್ಚಿದ್ದರೆ 2020ರ ಸೋನಿ ಎ7ಸಿ, ಸೆನ್ಸರ್ ಹಳೆಯ ಫಿಲ್ಮಿನಷ್ಟೇ ದೊಡ್ಡದು, ಅಂದರೆ ಫುಲ್‌ಫ್ರೇಮು. ಫ್ಯೂಜಿ ಎಕ್ಸ್-ಪ್ರೊ ಸಾಲಿನಲ್ಲಿ ಗಾಜಿನ ಕಿಟಕಿಯೂ ಬಿಳಿ ಗೆರೆಗಳೂ ಇವೆ, ರೇಂಜ್‌ಫೈಂಡರ್ ನೋಟಕ್ಕೆ ಅದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ಆದರೆ ಅದು ಅಷ್ಟೇನೂ ಸಣ್ಣದಲ್ಲ, ಬಳಸಿದ್ದಕ್ಕೂ ಬೆಲೆ ಇಳಿಯುವುದಿಲ್ಲ.

ಲೆನ್ಸು ಬದಲಿಸುವ ಗೊಡವೆಯೇ ಬೇಡ ಎನ್ನುವವರಿಗೆ ಎಕ್ಸ್100 ಸಾಲು ಇದೆ, ರಿಕೊ ಜಿಆರ್ ಇದೆ. ರಿಕೊಗೆ ವ್ಯೂಫೈಂಡರ್ ಇಲ್ಲ, ಆದರೆ ‘ಸ್ನ್ಯಾಪ್ ಫೋಕಸ್’ ಎಂಬುದಿದೆ: ಮೊದಲೇ ದೂರ ಹೇಳಿಟ್ಟು, ಗುಂಡಿಯನ್ನು ಒಮ್ಮೆಗೇ ಪೂರ್ತಿ ಒತ್ತಿದರೆ ಹುಡುಕಾಡದೆ ಆ ದೂರಕ್ಕೇ ಹೊಡೆಯುತ್ತದೆ. ಅಂಗಿ ಜೇಬಿನಲ್ಲಿ ಹಿಡಿಸುವ ಕ್ಯಾಮೆರಾಗಳಲ್ಲಿ ಈ ಕೆಲಸಕ್ಕೆ ಅದೇ ಮೇಲು.

ಬಳಸಿದ ಬಾಡಿ ಕೊಳ್ಳುವಾಗ ಮಾರುವವರ ಎದುರಿಗೇ ಎಫ್/16ರಲ್ಲಿ (ಅಪರ್ಚರ್ ಎಂಬ ಲೆನ್ಸಿನ ಬೆಳಕಿನ ಕಿಂಡಿಯ ಅಳತೆ ಇದು; ಅಂಕಿ ಹೆಚ್ಚಿದಷ್ಟೂ ಕಿಂಡಿ ಸಣ್ಣದು) ಖಾಲಿ ಆಕಾಶಕ್ಕೆ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ, ಸೆನ್ಸರಿನ ಮೇಲಿನ ಧೂಳು, ಗೀರು ಅಲ್ಲೇ ಕಾಣುತ್ತದೆ. ಬ್ಯಾಟರಿ ಉಬ್ಬಿ, ಹೊರತೆಗೆಯಲು ಒದ್ದಾಡುವಂತಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ. ಎರಡು ಹೆಚ್ಚುವರಿ ಬ್ಯಾಟರಿ ಹೇಗೂ ಬೇಕು. ಈ ಸಣ್ಣ ಕ್ಯಾಮೆರಾಗಳಲ್ಲಿ ಒಂದಕ್ಕೆ ಸುಮಾರು 350 ಚಿತ್ರ ಎಂದು ಕಂಪನಿಯವರೇ ಹೇಳುವುದು, ವ್ಯೂಫೈಂಡರ್ ಹಚ್ಚಿಕೊಂಡೇ ಸಂತೆ ಸುತ್ತಿದರೆ ಇನ್ನೂ ಬೇಗ ಮುಗಿಯುತ್ತದೆ.

ಹೆಜ್ಜೆ 2: ಲೆನ್ಸು

ಇಲ್ಲಿ ಆಸೆಗೂ ಅಗತ್ಯಕ್ಕೂ ಜಗಳ ಹತ್ತುತ್ತದೆ. ಮಿರರ್‌ಲೆಸ್ ಕೈಗೆ ಬಂದ ಕೂಡಲೇ ಹಳೆಯ ಸೋವಿಯತ್ ಲೆನ್ಸುಗಳ ಹುಚ್ಚು ಹಿಡಿಯುತ್ತದೆ. ಜುಪಿಟರ್-8, ಇಂಡಸ್ಟಾರ್-61: ಫೆಡ್, ಜೋರ್ಕಿ ಎಂಬ ರೇಂಜ್‌ಫೈಂಡರುಗಳ ಮೇಲೆ ಬಂದವು. ಚೆಂದದ ಲೆನ್ಸುಗಳೇ. ಆದರೆ 50 ಮಿ.ಮೀ. ಲೆನ್ಸನ್ನು ಫುಲ್‌ಫ್ರೇಮಿಗಿಂತ ಸಣ್ಣದಾದ ಎಪಿಎಸ್-ಸಿ ಸೆನ್ಸರಿನ (ಮೇಲಿನ ಎಕ್ಸ್-ಇ3, ಎ6000ದಲ್ಲಿರುವುದು) ಮುಂದೆ ಇಟ್ಟರೆ ನೋಟ 75 ಮಿ.ಮೀ.ನಷ್ಟು ಇಕ್ಕಟ್ಟಾಗುತ್ತದೆ, ಇನ್ನೂ ಸಣ್ಣ ಸೆನ್ಸರಿನ (ಜಿಎಕ್ಸ್85ರದ್ದು) ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 100. ಹೂವಿನ ಸಾಲಿನಲ್ಲಿ ಹಿಂದೆ ಸರಿಯಲು ಜಾಗ ಎಲ್ಲಿದೆ? ಎರಡು ಹೆಜ್ಜೆ ಹಿಂದಿಟ್ಟರೆ ಕುಂಕುಮದ ಗುಡ್ಡೆಯ ಮೇಲೆ ಕೂರುತ್ತೀರಿ.

ಆದ್ದರಿಂದ ಮೊದಲ ಲೆನ್ಸು 23 ಅಥವಾ 25 ಮಿ.ಮೀ. ಆಗಿರಲಿ (ಎಪಿಎಸ್-ಸಿಗೆ), ನೋಟ 35ರಷ್ಟು. ಫೋಕಸ್ ಉಂಗುರದ ಮೇಲೆ ಮೀಟರಿನ ಅಂಕಿಗಳನ್ನು ಕೆತ್ತಿರಬೇಕು, ಇದು ಕಡ್ಡಾಯ. ಈಗಿನ ಬಹುಪಾಲು ಆಟೊಫೋಕಸ್ ಲೆನ್ಸುಗಳ ಉಂಗುರ ತಂತಿಯ ಮೂಲಕ ಒಳಗಿನ ಮೋಟಾರಿಗೆ ಆಜ್ಞೆ ಕೊಡುತ್ತದೆ ಅಷ್ಟೇ, ಎಷ್ಟು ತಿರುಗಿಸಿದರೂ ಕೊನೆಯಿಲ್ಲ, ಅಂಕಿಯಿಲ್ಲ. ಅದನ್ನು ಹಿಡಿದು ಅಂದಾಜಿನ ಫೋಕಸ್ ಕಲಿಯುವುದೆಂದರೆ ಮೈಲಿಗಲ್ಲಿಲ್ಲದ ರಸ್ತೆಯಲ್ಲಿ ದಾರಿ ಕೇಳಿದಂತೆ. ಸೆವೆನ್‌ಆರ್ಟಿಸನ್ಸ್ 25 ಮಿ.ಮೀ. ಎಫ್/1.8, ಟಿಟಿಆರ್ಟಿಸನ್ 23 ಮಿ.ಮೀ. ಎಫ್/1.4 ಇಂಥ ಚೀನೀ ಮ್ಯಾನುಯಲ್ ಲೆನ್ಸುಗಳು ನಿಮ್ಮ ಕ್ಯಾಮೆರಾದ ಮೌಂಟಿನಲ್ಲೇ ಸಿಗುತ್ತವೆ, ಅಡಾಪ್ಟರ್ ಬೇಡ, ಲೋಹದ ಮೈ. ಎಫ್/1.8ರಲ್ಲಿ ಮೂಲೆಗಳು ಮಂಜು. ನಾವು ಬಳಸುವುದು ಎಫ್/5.6, ಎಫ್/8. ಮೈಕ್ರೊ ಫೋರ್ ಥರ್ಡ್ಸ್‌ನವರಿಗೆ ಒಲಿಂಪಸ್ 17 ಮಿ.ಮೀ. ಎಫ್/1.8 ವರವಿದ್ದಂತೆ: ಉಂಗುರವನ್ನು ಹಿಂದಕ್ಕೆ ಎಳೆದರೆ ಕಟಕ್ ಎಂದು ಮ್ಯಾನುಯಲ್ ಆಗಿ, ಕೆಳಗೆ ಅಡಗಿದ್ದ ಅಂಕಿಗಳು ಹೊರಬರುತ್ತವೆ. ಮುಂದಕ್ಕೆ ತಳ್ಳಿದರೆ ಮತ್ತೆ ಆಟೊ.

ಹೆಜ್ಜೆ 3: ಅಡಾಪ್ಟರ್, ಮತ್ತು ನಾನು ತಿಂದ ಪೆಟ್ಟು

ಹಳೆಯ ಲೆನ್ಸೇ ಬೇಕು ಎನ್ನುವವರಿಗಷ್ಟೇ ಈ ಭಾಗ. ಉಳಿದವರು ಮುಂದಕ್ಕೆ ಹೋಗಬಹುದು.

ನಾನು ಆನ್‌ಲೈನಿನಲ್ಲಿ ಒಂದು ಇಂಡಸ್ಟಾರ್-50 ಕೊಂಡೆ. ಬಿಸ್ಕತ್ತಿನಷ್ಟು ತೆಳು, ನೋಡಲು ಮುದ್ದು. ಮಾರಿದವರು ‘ಎಂ39 ಮೌಂಟ್, ರೇಂಜ್‌ಫೈಂಡರ್ ಲೆನ್ಸ್’ ಎಂದು ಬರೆದಿದ್ದರು. ಎಂ39 ಅಡಾಪ್ಟರಿಗೆ ತಿರುಪಿದರೆ ಸರಾಗವಾಗಿ ಕೂತಿತು. ವ್ಯೂಫೈಂಡರಿನಲ್ಲಿ ನೋಡಿದರೆ ಹತ್ತಿರದ್ದೂ ಮಂಜು, ದೂರದ್ದೂ ಮಂಜು. ಎರಡು ದಿನ ಕ್ಯಾಮೆರಾ ಕೆಟ್ಟಿದೆ ಎಂದೇ ನಂಬಿದ್ದೆ.

ಸಂಗತಿ ಏನೆಂದರೆ, 39 ಮಿ.ಮೀ. ತಿರುಪು ಎರಡು ಜಾತಿಯ ಕ್ಯಾಮೆರಾಗಳಿಗೆ ಇತ್ತು. ಫೆಡ್, ಜೋರ್ಕಿಯಂಥ ರೇಂಜ್‌ಫೈಂಡರಿನಲ್ಲಿ ಲೆನ್ಸಿನ ಬುಡದಿಂದ ಫಿಲ್ಮಿಗೆ 28.8 ಮಿ.ಮೀ. ಹಳೆಯ ಜೆನಿಟ್ ಎಸ್‌ಎಲ್‌ಆರ್‌ನಲ್ಲಿ ಕನ್ನಡಿಗೆ ಜಾಗ ಬೇಕಲ್ಲ, 45.2. ತಿರುಪು ಒಂದೇ, ಅಂತರ ಬೇರೆ. ನನ್ನದು ಜೆನಿಟ್‌ನದು. ಅದು ಸೆನ್ಸರಿಗೆ 16.4 ಮಿ.ಮೀ. ಹೆಚ್ಚು ಹತ್ತಿರ ಕೂತಿತ್ತು, ಹಾಗಾಗಿ ಲೋಕದ ಯಾವ ವಸ್ತುವೂ ಅದಕ್ಕೆ ಸ್ಪಷ್ಟವಾಗದು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಕೊನೆಗೆ ನಡುವೆ ಇನ್ನೊಂದು ಬಳೆ ಹಾಕಿಸಿದೆ, ಬಿಸ್ಕತ್ತು ಬನ್ನಾಯಿತು. ಗುರುತು ಹಿಡಿಯುವುದು ಸುಲಭ: ರೇಂಜ್‌ಫೈಂಡರ್ ಲೆನ್ಸಿನ ಹಿಂಬದಿಯಲ್ಲಿ ಫೋಕಸ್ ಮಾಡಿದಂತೆ ಹಿಂದೆ ಮುಂದೆ ಹೋಗುವ ಹಿತ್ತಾಳೆ ಅಥವಾ ಅಲ್ಯೂಮಿನಿಯಮ್ಮಿನ ಒಳಬಳೆ ಇರುತ್ತದೆ, ಕ್ಯಾಮೆರಾದ ಸನ್ನೆಗೋಲಿಗೆ ದೂರ ತಿಳಿಸುವುದು ಅದೇ. ಜೆನಿಟ್ ಲೆನ್ಸಿಗೆ ಅದು ಬೇಕಿಲ್ಲ. ಹಿಂಬದಿಯ ಫೋಟೊ ಕಳಿಸದ ಮಾರಾಟಗಾರರಿಂದ ಕೊಳ್ಳಬೇಡಿ.

ಅಡಾಪ್ಟರಿನ ದಪ್ಪವೂ ಮೋಸ ಮಾಡುತ್ತದೆ. ಲೈಕಾ ಎಂ ಲೆನ್ಸಿಗೆ ಸೋನಿಯಲ್ಲಿ 9.8 ಮಿ.ಮೀ. ಬಳೆ ಬೇಕು, ಫ್ಯೂಜಿಯಲ್ಲಿ 10.1. ದಪ್ಪ ಹೆಚ್ಚಾದರೆ ದೂರದ್ದು ಫೋಕಸ್ಸೇ ಆಗದು ಎಂಬ ಭಯಕ್ಕೆ ಅಗ್ಗದ ಬಳೆಗಳನ್ನು ಬೇಕೆಂದೇ ತುಸು ತೆಳ್ಳಗೆ ಮಾಡುತ್ತಾರೆ. ಪರದೆ ನೋಡಿ ಫೋಕಸ್ ಮಾಡುವವರಿಗೆ ತೊಂದರೆಯಿಲ್ಲ. ಅಂಕಿ ನಂಬುವ ನಮಗೆ ಇದು ದೊಡ್ಡ ತೊಂದರೆ. ಲೆಕ್ಕ ನೋಡಿ: 35 ಮಿ.ಮೀ. ಲೆನ್ಸಿಗೆ ಬಳೆ ಬರೀ 0.1 ಮಿ.ಮೀ. ತೆಳುವಾದರೆ, ನೀವು ಉಂಗುರವನ್ನು 3 ಮೀಟರಿಗೆ ಇಟ್ಟಾಗ ನಿಜವಾದ ಫೋಕಸ್ 4 ಮೀಟರಿನ ಹತ್ತಿರ ಬೀಳುತ್ತದೆ. ಅನಂತದ (ತೀರ ದೂರದ) ಚಿತ್ರ ಸ್ಪಷ್ಟವಾಗುವುದು ಉಂಗುರ ಸುಮಾರು 12 ಮೀಟರಿನಲ್ಲಿದ್ದಾಗ.

ಪರೀಕ್ಷೆಗೆ ಮೈಸೂರಿನವರಿಗೆ ಒಂದು ಅನುಕೂಲವಿದೆ. ಭಾನುವಾರ ಸಂಜೆ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು ಹತ್ತುತ್ತವೆ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ನಿಂತು, ಲೆನ್ಸನ್ನು ಅನಂತಕ್ಕೆ ತಿರುಗಿಸಿ, ಅಪರ್ಚರ್ ಪೂರ್ತಿ ತೆರೆದು, ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ದೀಪಗಳು ಸಾಸಿವೆ ಕಾಳಾಗಿ ಕಂಡರೆ ಬಳೆ ಸರಿ. ಹಸಿ ಬಟಾಣಿಯಾಗಿ ಕಂಡರೆ ಉಂಗುರವನ್ನು ಹಿಂದಕ್ಕೆ ತಿರುಗಿಸುತ್ತ ಬನ್ನಿ, ಯಾವ ಅಂಕಿಯ ಹತ್ತಿರ ಸಾಸಿವೆಯಾಗುತ್ತದೋ ಅದನ್ನು ಬರೆದಿಡಿ. ಉಂಗುರ ಎಷ್ಟು ತಿರುಗಿಸಿದರೂ ಸಾಸಿವೆ ಆಗದಿದ್ದರೆ ಬಳೆ ದಪ್ಪ, ವಾಪಸ್ ಕೊಡಿ.

15, 21 ಮಿ.ಮೀ.ನಂಥ ಅಗಲ ನೋಟದ ರೇಂಜ್‌ಫೈಂಡರ್ ಲೆನ್ಸುಗಳ ಬಗ್ಗೆ ಎಚ್ಚರ. ಅವುಗಳ ಹಿಂದಿನ ಗಾಜು ಫಿಲ್ಮಿಗೆ ತೀರ ಹತ್ತಿರ ಇರುವಂತೆ ಮಾಡಿದ್ದು. ಬೆಳಕು ಮೂಲೆಗಳಿಗೆ ಓರೆಯಾಗಿ ಬೀಳುತ್ತದೆ, ಫುಲ್‌ಫ್ರೇಮ್ ಸೆನ್ಸರಿನ ಮುಂದಿನ ದಪ್ಪ ಗಾಜನ್ನು ಓರೆಯಲ್ಲಿ ದಾಟುವಾಗ ಮೂಲೆ ಕಲಸಿಹೋಗಿ ನೇರಳೆ ಬಣ್ಣ ಹತ್ತುತ್ತದೆ.

ಹೆಜ್ಜೆ 4: ಕ್ಯಾಮೆರಾದ ಬಾಯಿ ಮುಚ್ಚಿಸುವುದು

ಒಂದು ಸಂಜೆ ಕಾಫಿ ಹಿಡಿದು ಕೂತರೆ ಮುಗಿಯುವ ಕೆಲಸ. ಮೊಟ್ಟಮೊದಲು, ಮೆನುವಿನಲ್ಲಿ ‘ಲೆನ್ಸ್ ಇಲ್ಲದೆ ಶಟರ್’ ಎಂಬರ್ಥದ ಆಯ್ಕೆಯನ್ನು ಆನ್ ಮಾಡಿ. ಮ್ಯಾನುಯಲ್ ಲೆನ್ಸಿಗೆ ಕ್ಯಾಮೆರಾದ ಜೊತೆ ಮಾತುಕತೆ ಇಲ್ಲ, ಲೆನ್ಸೇ ಇಲ್ಲ ಎಂದುಕೊಂಡು ಅದು ಶಟರ್ ಬಿಡುವುದಿಲ್ಲ. ‘ಹೊಸ ಲೆನ್ಸು ಕೆಲಸ ಮಾಡ್ತಿಲ್ಲ’ ಎಂಬ ಗೋಳಿನಲ್ಲಿ ಅರ್ಧಕ್ಕೆ ಇದೇ ಮದ್ದು. ಬಾಡಿಯಲ್ಲಿ ಅಲುಗಾಟ ತಡೆ ಇದ್ದರೆ ಲೆನ್ಸಿನ ಮಿ.ಮೀ. ಅಂಕಿಯನ್ನು ಕೈಯಾರೆ ತುಂಬಿ. ತಪ್ಪು ಅಂಕಿ ಇದ್ದರೆ ತಡೆಯೇ ಅಲುಗಾಟ ತರುತ್ತದೆ.

ಬೀಪ್, ಆಟೊಫೋಕಸ್ ದೀಪ, ತೆಗೆದ ಚಿತ್ರವನ್ನು ಕೂಡಲೇ ತೋರಿಸುವುದು, ಮೂಗು ತಾಗಿದರೆ ಓಡುವ ಟಚ್ ಪರದೆ, ಎಲ್ಲ ಬಂದ್. ಚಿತ್ರ ತೋರಿಸುವುದನ್ನು ನಿಲ್ಲಿಸುವುದೇ ಇವುಗಳಲ್ಲಿ ಕಷ್ಟದ್ದು, ಬೆರಳು ತುರಿಸುತ್ತದೆ. ಮೊದಲ ವಾರ ನಾನು ಪರದೆಯ ಮೇಲೆ ಹಳೆಯ ವಿಸಿಟಿಂಗ್ ಕಾರ್ಡ್ ಅಂಟಿಸಿಕೊಂಡಿದ್ದೆ.

ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊ ಇರಲಿ, ಮೇಲಿನ ಮಿತಿ 6400. ಶಟರ್ 1/250ಕ್ಕಿಂತ ಇಳಿಯದಂತೆ ಕಟ್ಟು ಹಾಕಿ. ಮೊಳ ಹಾಕುವ ಕೈ 1/60ರಲ್ಲಿ ಬರೀ ಬಿಳಿ ಗೀಟಾಗುತ್ತದೆ. ಅಪರ್ಚರ್ ಲೆನ್ಸಿನ ಮೇಲೆ, ಎಫ್/8. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಗಲಿಗೆ ಸರಿ. ಎಲ್‌ಇಡಿ, ಟ್ಯೂಬ್‌ಲೈಟ್ ಕೆಳಗೆ ಮಾತ್ರ ಬೇಡ: ನಮ್ಮ ಕರೆಂಟು 50 ಹರ್ಟ್ಜ್‌ನದು, ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಸೆನ್ಸರ್ ಮೇಲಿನಿಂದ ಕೆಳಗೆ ಓದುವಷ್ಟರಲ್ಲಿ ಚಿತ್ರಕ್ಕೆ ಜಮಖಾನೆಯ ಪಟ್ಟೆ ಬೀಳುತ್ತದೆ. ಅಲ್ಲಿ ಮೆಕಾನಿಕಲ್ ಶಟರಿಗೆ ಬನ್ನಿ, ಇಲ್ಲವೇ 1/100ಕ್ಕೆ ಇಳಿಸಿ.

ಇನ್ನೊಂದು, ಇದನ್ನು ಬಿಡಬೇಡಿ: ಚಿತ್ರವನ್ನು ರಾ (ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ಫೈಲು) ಮತ್ತು ಜೆಪೆಗ್ ಎರಡರಲ್ಲೂ ಉಳಿಸುವಂತಿಟ್ಟು, ನೋಟವನ್ನು ಕಪ್ಪುಬಿಳುಪಿಗೆ ಬದಲಿಸಿ. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ‘ಪೀಕಿಂಗ್’ ಎಂಬ ಅನುಕೂಲವಿದೆಯಲ್ಲ, ಅದು ದೇವರಾಜ ಮಾರುಕಟ್ಟೆಯಲ್ಲಿ ಸೋಲುತ್ತದೆ. ಕೆಂಪು ಪೀಕಿಂಗ್ ಇಟ್ಟರೆ ಕುಂಕುಮದಲ್ಲಿ ಕರಗಿತು, ಹಳದಿ ಇಟ್ಟರೆ ಚೆಂಡು ಹೂವಿನಲ್ಲಿ, ನೀಲಿ ಇಟ್ಟರೆ ಟಾರ್ಪಾಲಿನ ಬೆಳಕಿನಲ್ಲಿ. ನೋಟವೇ ಕಪ್ಪುಬಿಳುಪಾದರೆ ಯಾವ ಬಣ್ಣದ ಪೀಕಿಂಗೂ ಎದ್ದು ಕಾಣುತ್ತದೆ. ರಾ ಫೈಲಿನಲ್ಲಿ ಬಣ್ಣ ಹಾಗೇ ಇರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ.

ಹೆಜ್ಜೆ 5: ಮಾರು ಹಾಕುವುದು

ಇದೇ ನಡುಮನೆ, ಉಳಿದದ್ದೆಲ್ಲ ಜಗುಲಿ.

ಮೀಟರಿನಲ್ಲಿ ದೂರ ಅಂದಾಜು ಮಾಡಲು ನನಗೆ ಬರಲಿಲ್ಲ. ತಿಂಗಳುಗಟ್ಟಲೆ ಕಲಿತೆ. ಮೂರು ಮೀಟರ್ ಎಂದುಕೊಂಡದ್ದು ಅಳೆದರೆ ಎರಡೂಕಾಲು. ಒಂದು ದಿನ ಅದೇ ಹೂವಿನ ಸಾಲಿನಲ್ಲಿ, ದೊಡ್ಡ ಹಾರಕ್ಕೆಂದು ಬಂದವರಿಗೆ ಹೂವಮ್ಮ ಎರಡೂ ಕೈ ಚಾಚಿ ಮಾರು ಹಾಕುವುದನ್ನು ಕಂಡೆ. ದಂಡೆ ಬಲಗೈ ತುದಿಯಿಂದ ಎದೆಯ ಮೇಲೆ ಹಾದು ಎಡಗೈ ತುದಿಗೆ. ನಾಲ್ಕು ಮೊಳಕ್ಕೆ ಒಂದು ಮಾರು. ಮೊಳ ಸುಮಾರು 45 ಸೆಂ.ಮೀ. (ಹಬ್ಬದ ದಿನ ಅದು ಗಿಡ್ಡವಾಗುತ್ತದೆ, ಆ ಮಾತು ಬೇರೆ). ಕೈ ಚಾಚಿದ ಅಗಲ ಹೆಚ್ಚುಕಡಿಮೆ ಆಳಿನ ಎತ್ತರದಷ್ಟೇ. ಅಂದರೆ ಎದುರಿಗೆ ನಿಂತವರು ನನ್ನ ಕಡೆಗೆ ಅಡ್ಡಬಿದ್ದರೆ ತಲೆ ನನ್ನ ಕಾಲಿಗೆ ತಾಗುವುದಾದರೆ ಒಂದು ಮಾರು. ಇದು ನನ್ನ ಕಣ್ಣಿಗೆ ಕೂಡಲೇ ಅರ್ಥವಾಯಿತು. ಮೀಟರು ಶಾಲೆಯಲ್ಲಿ ಕಲಿತದ್ದು, ಮಾರು ಅಜ್ಜಿಯ ಕೈಯಿಂದ ಬಂದದ್ದು.

ನನ್ನ ಮಾರು 1.75 ಮೀಟರ್. ಈಗ ಲೆಕ್ಕ. ಎಪಿಎಸ್-ಸಿ ಕ್ಯಾಮೆರಾ, 23 ಮಿ.ಮೀ. ಲೆನ್ಸು, ಎಫ್/8. ಉಂಗುರವನ್ನು ಒಂದು ಮಾರಿಗೆ ಇಟ್ಟರೆ 1.15 ಮೀಟರಿನಿಂದ ಸುಮಾರು 3.7 ಮೀಟರಿನವರೆಗೆ ಎಲ್ಲ ಸ್ಪಷ್ಟ. ಅಂದರೆ ಎರಡೂವರೆ ಮೊಳದಿಂದ ಎರಡು ಮಾರು. ಎರಡು ಮಾರಿಗೆ ಇಟ್ಟರೆ ಒಂದು ಮಾರಿನಿಂದ ಹಿಡಿದು ಚಾಮುಂಡಿ ಬೆಟ್ಟದವರೆಗೆ. ಇಡೀ ಊರಿಗೆ ಎರಡೇ ಗುರುತು ಸಾಕು! ಉಂಗುರದ ಮೇಲೆ ಆ ಎರಡು ಜಾಗದಲ್ಲಿ ಉಗುರುಬಣ್ಣದ ಚುಕ್ಕೆ ಇಡಿ. ಮನೆಯಲ್ಲಿ ಬಾಗಿಲಿಗೆ ಪತ್ರಿಕೆ ಅಂಟಿಸಿ, ಕೈ ಚಾಚಿ ಅಳೆದ ಹಗ್ಗದಿಂದ ನಿಮ್ಮದೇ ಮಾರು ಗೊತ್ತು ಮಾಡಿಕೊಂಡು, ಅಷ್ಟು ದೂರದಿಂದ ಅಕ್ಷರ ಮೊನಚಾಗಿ ಕಾಣುವ ಜಾಗಕ್ಕೆ ಚುಕ್ಕೆ. ಬಳೆಯ ದಪ್ಪ ತಪ್ಪಿದ್ದರೂ ಹೀಗೆ ಮಾಡಿದರೆ ತಾನಾಗಿ ಸರಿಹೋಗುತ್ತದೆ, ಕೆತ್ತಿದ ಅಂಕಿಯ ಹಂಗೇ ಇಲ್ಲ. ಅಳೆಯುವುದು ಕ್ಯಾಮೆರಾದ ಸೆನ್ಸರಿನಿಂದ, ಲೆನ್ಸಿನ ಮೂತಿಯಿಂದಲ್ಲ.

ಬೆಳಕು ಕಡಿಮೆಯಾಗಿ ಎಫ್/4ಕ್ಕೆ ಬಂದರೆ ಉದಾರತನ ಹೋಗುತ್ತದೆ. ಒಂದು ಮಾರಿನ ಗುರುತಿನಲ್ಲಿ ಮೂರು ಮೊಳದಿಂದ ಐದು ಮೊಳದವರೆಗೆ ಮಾತ್ರ. ಆಗ ದೂರಕ್ಕೆ ತಕ್ಕಂತೆ ಉಂಗುರ ತಿರುಗಿಸುವುದಲ್ಲ, ಉಂಗುರಕ್ಕೆ ತಕ್ಕಂತೆ ನೀವು ಅರ್ಧ ಹೆಜ್ಜೆ ಮುಂದೆ ಹಿಂದೆ ಆಗುವುದು. ಕಾಲು ಉಂಗುರಕ್ಕಿಂತ ಚುರುಕು. 35 ಮಿ.ಮೀ. ಲೆನ್ಸಾದರೆ ಎಫ್/8ರಲ್ಲೂ ಎರಡು ಮಾರಿನ ಗುರುತಿಗೆ 2.4ರಿಂದ 6.4 ಮೀಟರ್ ಅಷ್ಟೇ. ಕಲಿಯುವವರಿಗೆ 23 ಮಿ.ಮೀ. ಎಂದು ನಾನು ಒತ್ತಿ ಹೇಳಿದ್ದು ಇದಕ್ಕೇ. ಮತ್ತೆ, ಈ ಲೆಕ್ಕ ಸಾಧಾರಣ ಗಾತ್ರದ ಪ್ರಿಂಟಿಗೆ, ಪರದೆಯ ನೋಟಕ್ಕೆ. 24 ಮೆಗಾಪಿಕ್ಸೆಲನ್ನು ನೂರಕ್ಕೆ ನೂರು ಹಿಗ್ಗಿಸಿ ರೆಪ್ಪೆಗೂದಲು ಎಣಿಸುವವರು ಈ ವಿದ್ಯೆಗೆ ಕೈ ಹಾಕದಿರುವುದೇ ಲೇಸು.

ಅಭ್ಯಾಸಕ್ಕೆ ಕ್ಯಾಮೆರಾ ಬೇಡ. ಅಗ್ರಹಾರದ ಫುಟ್‌ಪಾತಿನಲ್ಲಿ ನಡೆಯುವಾಗ ಎದುರು ಬರುವವರನ್ನು ನೋಡುತ್ತ ಮನಸ್ಸಿನಲ್ಲೇ ‘ಎರಡು ಮಾರು... ಒಂದು’ ಎನ್ನಿ. ಒಂದು ಎಂದಾಗ ಹೆಬ್ಬೆರಳಿನಿಂದ ತೋರುಬೆರಳು ಒತ್ತಿಕೊಳ್ಳಿ. ಹದಿನೈದು ದಿನಕ್ಕೆ ಕೂಡಿಬರುತ್ತದೆ.

ಹೆಜ್ಜೆ 6: ಕಣ್ಣಿಗಿಡುವುದು, ಹತ್ತಿರ ಹೋಗುವುದು

ಚೌಕಟ್ಟು ಕಟ್ಟುವುದಕ್ಕೆ ಮಾತ್ರ ವ್ಯೂಫೈಂಡರ್. ಕ್ಯಾಮೆರಾ ಎತ್ತುವ ದಾರಿಯಲ್ಲೇ ಶಟರ್ ಗುಂಡಿಯನ್ನು ಅರ್ಧ ಒತ್ತಿ, ನಿದ್ದೆಗೆ ಜಾರಿದ ಕ್ಯಾಮೆರಾ ಕಣ್ಣಿಗೆ ಬರುವಷ್ಟರಲ್ಲಿ ಎದ್ದಿರುತ್ತದೆ. ಎಡಗಣ್ಣು ತೆರೆದಿರಲಿ. ಎರಡು ಸೆಕೆಂಡಿಗಿಂತ ಹೆಚ್ಚು ಕಣ್ಣಿಗೆ ಇಟ್ಟುಕೊಂಡರೆ ನೀವು ಫೋಟೊಗ್ರಾಫರ್ ಆಗಿಬಿಡುತ್ತೀರಿ, ಎದುರಿಗಿದ್ದವರು ಫೋಟೊ ಆಗಿಬಿಡುತ್ತಾರೆ.

ಒಂದೇ ಮುಖ, ಎಫ್/2, ನಿಧಾನದ ಭಾವಚಿತ್ರ ಬೇಕೆಂದಾಗ ಅಂದಾಜು ನಡೆಯದು. ಆಗ ಮಿರರ್‌ಲೆಸ್ ರೇಂಜ್‌ಫೈಂಡರನ್ನೂ ಮೀರಿಸುತ್ತದೆ: ಒಂದು ಗುಂಡಿಗೆ ‘ಫೋಕಸ್ ಮ್ಯಾಗ್ನಿಫೈ’ ಕೊಟ್ಟಿಟ್ಟರೆ ಕಣ್ಣಿನ ಪಾಪೆಯನ್ನೇ ದೊಡ್ಡದು ಮಾಡಿ ಫೋಕಸ್ ಮಾಡಬಹುದು. ಪೀಕಿಂಗನ್ನು ಇಲ್ಲಿ ಪೂರ್ತಿ ನಂಬಬೇಡಿ, ಕಿವಿಯೋಲೆ ಹೊಳೆದರೂ ಅದು ಕಣ್ಣು ಎನ್ನುತ್ತದೆ. 2025ರಲ್ಲಿ ಲೈಕಾದವರೇ ಎಂ ಮೌಂಟಿನ ಬಾಡಿಯೊಂದರಲ್ಲಿ ರೇಂಜ್‌ಫೈಂಡರ್ ತೆಗೆದು ಎಲೆಕ್ಟ್ರಾನಿಕ್ ವ್ಯೂಫೈಂಡರ್ ಇಟ್ಟು ಎಂ ಇವಿ1 ಎಂದು ಬಿಟ್ಟರು. ನಮ್ಮ ಬಡ ಉಪಾಯಕ್ಕೆ ದೊಡ್ಡಮನೆಯ ಮುದ್ರೆ ಬಿದ್ದಂತಾಯಿತು.

ಜನರ ಬಗ್ಗೆ ಎರಡು ಮಾತು. ಕ್ಯಾಮೆರಾ ಸಣ್ಣದೆಂದು ಕದ್ದು ತೆಗೆಯುವ ಚಾಳಿ ಬೇಡ. ಮೈಸೂರಿನವರೇ ಆದ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿನ ಮಕ್ಕಳನ್ನು, ದುಡಿಯುವವರನ್ನು ನೋಡಿ, ಕದ್ದ ಚಿತ್ರದಲ್ಲಿ ಆ ಸಲಿಗೆ ಬರುವುದಿಲ್ಲ. ನಾನು ಮೊದಲು ಹೂವು ಕೊಳ್ಳುತ್ತೇನೆ, ಮಾತಾಡುತ್ತೇನೆ, ಕ್ಯಾಮೆರಾ ಎದೆಯ ಮೇಲೆ ಕಾಣುವಂತೆಯೇ ಇರುತ್ತದೆ. ಐದು ನಿಮಿಷಕ್ಕೆ ಅದನ್ನು ಮರೆಯುತ್ತಾರೆ. ಬೇಡ ಎಂದರೆ ಬೇಡ. ಪ್ರಿಂಟು ಕೊಡುತ್ತೇನೆಂದು ಹೇಳಿದರೆ ಮುಂದಿನ ವಾರ ಕೊಟ್ಟೇ ತೀರಬೇಕು.

ಹೆಜ್ಜೆ 7: ಆಲೆಮನೆ

ಕಲಿತದ್ದು ಕೈಗೆ ಹತ್ತಿದೆಯೇ ಎಂದು ನೋಡಬೇಕಾದರೆ ಮಂಡ್ಯದ ಕಡೆಯ ಒಂದು ಆಲೆಮನೆಗೆ ಹೋಗಿ. ಪಾಂಡವಪುರದ ಆಸುಪಾಸಿನಲ್ಲಿ ನಾನು ಹೋದದ್ದು ಮಧ್ಯಾಹ್ನ ಎರಡಕ್ಕೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲೆ, ನಡುವೆ ಕೊಪ್ಪರಿಗೆಯ ಹಬೆ. ಆಟೊಫೋಕಸ್ ಹಬೆಗೆ ಫೋಕಸ್ ಮಾಡುತ್ತದೆ, ಅದಕ್ಕೆ ಹಬೆಯೇ ಗೋಡೆ. ಒಂದು ಮಾರಿನ ಚುಕ್ಕೆಗೆ ಇಟ್ಟ ಮ್ಯಾನುಯಲ್ ಲೆನ್ಸಿಗೆ ಹಬೆ ಇದೆಯೆಂದೇ ಗೊತ್ತಿಲ್ಲ. ಎಫ್/4, 1/125, ಐಎಸ್‌ಒ 3200. ಎಕ್ಸ್‌ಪೋಶರನ್ನು ಇಲ್ಲಿ ಪೂರ್ತಿ ಕೈಯಲ್ಲಿ ಹಿಡಿದುಕೊಳ್ಳಿ. ಆಟೊಗೆ ಬಿಟ್ಟರೆ ಬಿಳಿ ಹಬೆ ಎದ್ದಾಗಲೆಲ್ಲ ಮುಖಗಳು ಕಪ್ಪಾಗುತ್ತವೆ.

ಒಲೆಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದವರು ‘ಸಾ, ಈಚಿಕ್ ಬನ್ನಿ, ಇಳಿಸ್ತೀವಿ’ ಎಂದು ಕೂಗಿದರು. ಕೊಪ್ಪರಿಗೆ ವಾಲಿ ಪಾಕ ದೋಣಿಗೆ ಸುರಿಯುವ ಆ ಹತ್ತು ಸೆಕೆಂಡಿಗೆ ನಾನು ನಿಂತಿದ್ದು ಎರಡು ಮಾರು ದೂರದಲ್ಲಿ. ಉಂಗುರವನ್ನು ನೋಡದೆ, ಹೆಬ್ಬೆರಳಿಗೆ ಎರಡನೆಯ ಚುಕ್ಕೆಯ ಉಬ್ಬು ಸಿಗುವವರೆಗೆ ತಿರುಗಿಸಿದೆ. ಆರು ಚಿತ್ರ ತೆಗೆದೆ. ನಾಲ್ಕರಲ್ಲಿ ಹಬೆಯೇ ತುಂಬಿತ್ತು. ಒಂದರಲ್ಲಿ ಸುರಿಯುವ ಪಾಕ, ಅದರ ಬೆಳಕು ಬಿದ್ದ ಎರಡು ಮುಖ, ಹಿಂದೆ ಬಾಗಿಲಲ್ಲಿ ಅಚ್ಚಿಗೆ ಕಾದು ನಿಂತ ಹುಡುಗ, ಮೂರೂ ಸ್ಪಷ್ಟ. ಇನ್ನೊಂದರಲ್ಲಿ ನನ್ನ ಬೆರಳು.

ಆಲೆಮನೆಯೊಳಗೆ ಲೆನ್ಸು ಮಾತ್ರ ಬದಲಿಸಬೇಡಿ. ಸಿಪ್ಪೆಯ ಬೂದಿ ಗಾಳಿಯಲ್ಲಿ ತೇಲುತ್ತಿರುತ್ತದೆ, ಮಿರರ್‌ಲೆಸ್‌ನಲ್ಲಿ ಲೆನ್ಸು ತೆಗೆದರೆ ಸೆನ್ಸರ್ ಬರಿಮೈಯಲ್ಲಿ ನಿಂತಂತೆ. ಮುಂದೆ ಒಂದು ಫಿಲ್ಟರ್ ಇರಲಿ. ಮಳೆಗಾಲದಲ್ಲಿ ಮನೆಗೆ ಬಂದ ಮೇಲೆ ಚರ್ಮದ ಚೀಲದಲ್ಲಿ ಇಡದೆ, ಅಡುಗೆಮನೆಯ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಹಳೆಯ ಲೆನ್ಸುಗಳಿಗೆ ಬೂಷ್ಟು ಹಿಡಿಯುವುದು ಬೇಗ. ಫಿಲ್ಟರಿನ ಮೇಲೆ ಸಿಡಿದ ಪಾಕದ ಸಣ್ಣ ಚುಕ್ಕೆಗಳಿದ್ದರೆ ಲೆನ್ಸ್ ತೊಳೆಯುವ ಆಲ್ಕೋಹಾಲ್ ದ್ರವದಿಂದ ಉಜ್ಜಿ ಪ್ರಯೋಜನವಿಲ್ಲ, ಸಕ್ಕರೆ ಅದರಲ್ಲಿ ಕರಗುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯನ್ನು ಒಂದು ನಿಮಿಷ ಮೇಲೆ ಇಟ್ಟರೆ ಸಾಕು, ತಾನಾಗಿ ಬಿಡುತ್ತದೆ.